ಪಕ್ಕದಲ್ಲೊಬ್ಬರು ನಿಂತಿರಬೇಕು

ಅಪ್ರೆಂಟಿಸ್ ಆಗಿ, ಅಂದರೆ ಕೆಲಸ ಮಾಡುತ್ತಲೇ ಕಸುಬು ಕಲಿಯುವವನಾಗಿ, ಸೇರಿದ ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಒಂದು ಕಬ್ಬಿಣದ ತುಂಡು, ಲೋಹ ಉಜ್ಜುವ ಒಂದು ಅರ. ತುಂಡು ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದನ್ನು ವೈಸ್‌ಗೆ ಕಚ್ಚಿಸಿ, ಆರೂ ಮುಖ ಉಜ್ಜಿ ಸಮ ಮಾಡಬೇಕು. ಎರಡು ಮುಖ ಸೇರುವ ಕಡೆಯೆಲ್ಲ ಮೂಲೆ ನೇರವಾಗಿರಬೇಕು. ಅಷ್ಟೇ ಕೆಲಸ. ಶೆಡ್ಡಿನ ಆ ಬದಿಯಲ್ಲಿ ಲೋಹ ಕತ್ತರಿಸುವ ಲೇತ್, ಮಿಲ್ಲಿಂಗ್ ಮೆಷಿನ್‌ಗಳು ಓಡುತ್ತಿದ್ದವು. ನನ್ನ ಕಣ್ಣೆಲ್ಲ ಅವುಗಳ ಮೇಲೆ. ಮೆಷಿನ್ ಕೆಲವೇ ನಿಮಿಷದಲ್ಲಿ ಮಾಡಿ ಮುಗಿಸುವುದನ್ನು ನಾನು ಯಾಕೆ ದಿನಗಟ್ಟಲೆ ಉಜ್ಜಬೇಕು ಅಂತ ಒಳಗೊಳಗೇ ಕುದಿಯುತ್ತಿದ್ದೆ.

ಮೂರು ವಾರ ಉಜ್ಜಿದೆ.

ಅರ ಹಿಡಿದವರಿಗೆ ಇದು ಗೊತ್ತಿರುತ್ತದೆ. ಹೊಸಬರ ಕೈಯಲ್ಲಿ ಅರ ತಕ್ಕಡಿಯ ಹಾಗೆ ತೂಗುತ್ತದೆ. ಮುಂದೆ ತಳ್ಳುವಾಗ ಆಚೆ ಅಂಚು ಸವೆಯುತ್ತದೆ, ತಳ್ಳಲು ಶುರು ಮಾಡುವಾಗ ಈಚೆ ಅಂಚು ಸವೆಯುತ್ತದೆ. ನಡುವೆ ಮುಖ ಆಮೆಯ ಬೆನ್ನಿನ ಹಾಗೆ ಉಬ್ಬಿ ನಿಲ್ಲುತ್ತದೆ. ಅದರ ಮೇಲೆ ಮೂಲೆ, ಸಮ ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಎರಡೂ ಕೊನೆಯಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಆ ಗೆರೆ ಹೋಗುವವರೆಗೆ ಬಿಡುವಂತಿಲ್ಲ. ಉಬ್ಬು ತೆಗೆಯಲು ಹೋಗಿ ಇನ್ನಷ್ಟು ಉಬ್ಬಿಸುತ್ತಿದ್ದೆ. ತುಂಡು ಸಣ್ಣದಾಗುತ್ತಾ ಬಂತು, ಗೆರೆ ಮಾತ್ರ ಹೋಗಲಿಲ್ಲ.

ನಮಗೆ ಕಲಿಸಲೆಂದೇ ಒಬ್ಬ ಹಿರಿಯ ಫಿಟ್ಟರ್ ಇದ್ದರು. ಮಾತು ಕಡಿಮೆ. ಒಂದು ಮಧ್ಯಾಹ್ನ ನನ್ನ ಹಿಂದೆ ಬಂದು ಸುಮ್ನೆ ನಿಂತರು. ತುಂಡನ್ನು ನೋಡಲಿಲ್ಲ, ಅರವನ್ನೂ ನೋಡಲಿಲ್ಲ. ನನ್ನ ಕಾಲು ನೋಡಿದರು. "ಎಡಗಾಲು ಸ್ವಲ್ಪ ಮುಂದಿಡಪ್ಪಾ. ಮೊಣಕೈ ಮೈಗೆ ಹತ್ತಿರ ಇರಲಿ. ಈಗ ಕೈ ಮರೆತುಬಿಡು, ಇಡೀ ಮೈಯಿಂದ ತಳ್ಳು" ಅಂದರು. ನನ್ನ ಎಡಗೈ ಮೇಲೆ ಅವರ ಕೈ ಇಟ್ಟು ಒಂದು ನಾಲ್ಕು ಸಲ ತಳ್ಳಿಸಿದರು. ಶುರುವಿನಲ್ಲಿ ಎಡಗೈ ಒತ್ತುತ್ತದೆ, ನಡುವೆ ಎರಡೂ ಸಮ, ಕೊನೆಯಲ್ಲಿ ಬಲಗೈ. ಅವರ ಕೈಯ ಭಾರ ಹಗುರವಾಗುತ್ತಾ ಹೋದದ್ದು ನನಗೆ ತಿಳಿಯಿತು. ಆಮೇಲೆ ಕೈ ತೆಗೆದು ಹೊರಟುಹೋದರು.

ಆ ಸಂಜೆ ಒಂದು ಮುಖದಲ್ಲಿ ಬೆಳಕಿನ ಗೆರೆ ಹೋಯಿತು.

ವಿಷಯ ಏನೆಂದರೆ, ಆ ಮಾತೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಯಾವ ಕೈ ಯಾವಾಗ ಎಷ್ಟು ಒತ್ತಬೇಕು ಅನ್ನುವುದಕ್ಕೆ ಚಿತ್ರ ಸಮೇತ ವಿವರಣೆ ಇತ್ತು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಉತ್ತರ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ತಲೆಯಿಂದ ಕೈಗೆ ಇಳಿಯಲು ಬೇಕಾದದ್ದು ಮೂರು ವಾರದ ಸೋಲು ಮತ್ತು ಸರಿಯಾದ ಹೊತ್ತಿಗೆ ಪಕ್ಕದಲ್ಲಿ ಬಂದು ನಿಂತ ಒಬ್ಬ ಮನುಷ್ಯ. ಅವರು ಮೊದಲ ದಿನವೇ ಅದನ್ನು ಹೇಳಿದ್ದರೆ ನನಗೆ ಹತ್ತುತ್ತಿರಲಿಲ್ಲ ಅಂತ ಈಗ ಅನಿಸುತ್ತದೆ. ಮೂರನೇ ತಿಂಗಳಲ್ಲಿ ಹೇಳಿದ್ದರೆ ಅಷ್ಟರೊಳಗೆ ತಪ್ಪೇ ಅಭ್ಯಾಸವಾಗಿಬಿಡುತ್ತಿತ್ತು.

ಮೈಕೆಲ್ ಪೊಲಾನ್ಯಿ ಎಂಬ ಚಿಂತಕರು ಇದನ್ನೇ 1960ರ ದಶಕದಲ್ಲಿ ಬೇರೆ ರೀತಿ ಹೇಳಿದ್ದರು. ನಾವು ಬಾಯಿಬಿಟ್ಟು ಹೇಳಬಲ್ಲದ್ದಕ್ಕಿಂತ ನಮಗೆ ಗೊತ್ತಿರುವುದು ಜಾಸ್ತಿ, ಅಂತ. ಅವರು ರಸಾಯನ ವಿಜ್ಞಾನಿಯಾಗಿ ಬಹಳ ವರ್ಷ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಸೈಕಲ್ ಓಡಿಸುವವರಿಗೆ ಬೀಳದೆ ಹೇಗೆ ಓಡಿಸುತ್ತೀರಿ ಅಂತ ಕೇಳಿ ನೋಡಿ. ಉತ್ತರ ಬರುವುದಿಲ್ಲ. ಓಡಿಸಿ ತೋರಿಸುತ್ತಾರೆ. ಕಸುಬಿನಲ್ಲಿ ಇಂಥದ್ದೇ ಬಹಳ. ಮೈಕ್ರೋಮೀಟರ್ ಎಷ್ಟು ಬಿಗಿ ಮಾಡಿದರೆ ಸರಿ, ಬೋಲ್ಟ್ ಯಾವಾಗ ತುಂಡಾಗುವ ಹಂತಕ್ಕೆ ಬಂತು, ಲೇತ್ ಮೇಲೆ ಟೂಲ್ ಮೊಂಡಾಗಿದೆ ಅಂತ ಹೇಗೆ ತಿಳಿಯಿತು. ಕೇಳಿದರೆ ಹಳಬರು "ಗೊತ್ತಾಗುತ್ತಪ್ಪಾ" ಅನ್ನುತ್ತಾರೆ. ಅವರು ಮುಚ್ಚಿಡುತ್ತಿಲ್ಲ, ಅವರ ಹತ್ತಿರ ಅದಕ್ಕೆ ಪದ ಇಲ್ಲ ಅಷ್ಟೇ. ಅವರ ಜೊತೆ ಇದ್ದು, ಅವರು ನೋಡುವ ಕಡೆ ನೋಡಿ, ಅವರು ಕಿವಿಗೊಡುವ ಕಡೆ ಕಿವಿಗೊಟ್ಟು ಹಿಡಿಯಬೇಕು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಇದಕ್ಕೂ ಮುಂಚೆ ನಾನು ಇನ್ನೊಂದು ಕಡೆ ನಾಲ್ಕು ತಿಂಗಳು ಇದ್ದೆ. ಅಲ್ಲೂ ನನ್ನನ್ನು ಟ್ರೇನಿ ಅಂತಲೇ ಕರೆಯುತ್ತಿದ್ದರು. ಸಾಮಾನು ಹೊತ್ತೆ, ನೆಲ ಗುಡಿಸಿದೆ, ರಿಜಿಸ್ಟರ್‌ನಲ್ಲಿ ಬರೆದೆ, ಪ್ಯಾಕಿಂಗ್ ಮಾಡಿದೆ. ನೆಲ ಗುಡಿಸುವುದರಲ್ಲಿ ಅವಮಾನ ಇಲ್ಲ. ಮೆಷಿನ್ ಸುತ್ತ ಬಿದ್ದ ಚಿಪ್ಸ್, ಅಂದರೆ ಲೋಹದ ಚೂರು, ಗುಡಿಸುತ್ತಾ ಯಾವ ಲೋಹ ಹೇಗೆ ಕತ್ತರಿಸಿ ಬರುತ್ತದೆ ಅಂತ ಕಲಿಯಬಹುದು, ಯಾರಾದರೂ ಹೇಳಿಕೊಟ್ಟರೆ. ಅಲ್ಲಿ ಯಾರೂ ಹೇಳಲಿಲ್ಲ. ಎಲ್ಲರಿಗೂ ದಿನದ ಲೆಕ್ಕ ಮುಗಿಸುವ ಅವಸರ. ಕೊನೆಗೆ ತರಬೇತಿ ಪಡೆದಿದ್ದಾನೆ ಅಂತ ಒಂದು ಹಾಳೆ ಕೊಟ್ಟರು. ಆ ಹಾಳೆ ಹಿಡಿದು ಮುಂದಿನ ಕಡೆ ಹೋದಾಗ, ವರ್ನಿಯರ್ ಕೊಟ್ಟು ಅಳತೆ ಓದು ಅಂದರು. ನನಗೆ ಓದಲು ಬರಲಿಲ್ಲ. ಆ ಹೊತ್ತಿನ ನಾಚಿಕೆ ಇವತ್ತಿಗೂ ಮರೆತಿಲ್ಲ.

ಎರಡೂ ಕಡೆ ಅದೇ ವಯಸ್ಸಿನ ಹುಡುಗ, ಅಂಥವೇ ಮೆಷಿನ್‌ಗಳು, ಬಹುಶಃ ಅಷ್ಟೇ ಒಳ್ಳೆಯ ಕೆಲಸಗಾರರು. ಒಂದು ಕಡೆ ಒಬ್ಬರ ದಿನದ ಕೆಲಸದಲ್ಲೇ "ಇವನಿಗೆ ಕಲಿಸುವುದು" ಅನ್ನುವುದೂ ಸೇರಿತ್ತು. ಇನ್ನೊಂದು ಕಡೆ ಸೇರಿರಲಿಲ್ಲ. ಯುವಕರಿಗೆ ಕೌಶಲ ಬೇಕು, ಅವರನ್ನು ಕೆಲಸದ ಜಾಗಕ್ಕೆ ಕಳಿಸಿ ಅಂತ ಯಾರಾದರೂ ಹೇಳಿದಾಗ ನನಗೆ ಮೊದಲು ನೆನಪಾಗುವುದು ಇದೇ. ಕೆಲಸದ ಜಾಗಕ್ಕೆ ಕಳಿಸಿದರೆ ಕಲಿತುಬಿಡುತ್ತಾರೆ ಅನ್ನುವುದು ಸುಳ್ಳು. ಅಲ್ಲಿ ಕಲಿಸಲು ಬಿಡುವು ಇರುವವರು ಒಬ್ಬರು ಬೇಕು, ಆ ಬಿಡುವಿಗೆ ಯಾರಾದರೂ ದುಡ್ಡು ಕೊಟ್ಟಿರಬೇಕು.

ಕಲಿಸುವುದಕ್ಕೂ ಒಂದು ಕ್ರಮ ಇದೆ. ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಜೊತೆ ಇದ್ದು, ಅವರ ಶಿಷ್ಯರು ಹೇಗೆ ಕಲಿಯುತ್ತಾರೆ ಅಂತ ನೋಡಿದರು. ಅವರು ಕಂಡದ್ದು ನನಗೆ ಬಹಳ ಇಷ್ಟ. ಬಟ್ಟೆ ತಯಾರಾಗುವುದು ಕತ್ತರಿಸುವುದರಿಂದ ಶುರುವಾಗಿ, ಹೊಲಿದು, ಗುಂಡಿ ಹಾಕಿ ಮುಗಿಯುತ್ತದೆ. ಶಿಷ್ಯರು ಕಲಿಯುವುದು ತಿರುಗುಮುರುಗು. ಮೊದಲು ಗುಂಡಿ ಹಾಕುವುದು, ಅಂಚು ಮಡಿಚಿ ಹೊಲಿಯುವುದು. ಆಮೇಲೆ ತುಂಡುಗಳನ್ನು ಸೇರಿಸಿ ಹೊಲಿಯುವುದು. ಕತ್ತರಿ ಕೈಗೆ ಬರುವುದು ಕೊನೆಗೆ. ಉಡುಪುಗಳಲ್ಲೂ ಹಾಗೇ. ಟೋಪಿ, ಚಡ್ಡಿಯಂಥವು ಮೊದಲು, ಒಳ್ಳೆಯ ಸೂಟು ಎಲ್ಲಕ್ಕಿಂತ ಕೊನೆಗೆ.

ಯಾಕೆ ಅಂತ ಸ್ವಲ್ಪ ಯೋಚಿಸಿದರೆ ತಿಳಿಯುತ್ತದೆ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕತ್ತರಿಸಿದ್ದು ತಪ್ಪಿದರೆ ಬಟ್ಟೆ ಹೋಯಿತು. ಹಾಗಾಗಿ ನಷ್ಟ ಕಡಿಮೆ ಇರುವ ತಪ್ಪುಗಳಿಂದ ಶುರು. ಇನ್ನೊಂದು ಲಾಭವೂ ಇದೆ. ಗುಂಡಿ ಹಾಕುವ ಹುಡುಗ ದಿನವೂ ಪೂರ್ತಿಯಾದ ಅಂಗಿಯನ್ನು ಕೈಯಲ್ಲಿ ಹಿಡಿದಿರುತ್ತಾನೆ. ಹೊಲಿಗೆ ಎಲ್ಲಿ ಎಲ್ಲಿ ಓಡಿದೆ ಅಂತ ನೋಡುತ್ತಾನೆ. ಹೊಲಿಯುವ ಹಂತಕ್ಕೆ ಬಂದಾಗ ತುಂಡುಗಳನ್ನು ಯಾಕೆ ಹಾಗೆ ಕತ್ತರಿಸಿದ್ದಾರೆ ಅಂತ ಅರ್ಥವಾಗುತ್ತದೆ. ಒಂದೊಂದು ಹಂತವೂ ಮುಂದಿನದಕ್ಕೆ ಕಣ್ಣು ತಯಾರು ಮಾಡುತ್ತದೆ. ಜೊತೆಗೆ ಅವನು ಮಾಡುವ ಕೆಲಸ ಮೊದಲ ದಿನದಿಂದಲೇ ನಿಜವಾದ ಕೆಲಸ. ಆ ಅಂಗಿಯನ್ನು ಯಾರೋ ತೊಡುತ್ತಾರೆ. ಶಾಲೆಯಲ್ಲಿ ಮಾಡಿ ಬಿಸಾಡುವ ಮಾದರಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ?

ಇದನ್ನು ಓದಿದ ಮೇಲೆ ನನ್ನ ಕಬ್ಬಿಣದ ತುಂಡಿನ ಬಗ್ಗೆಯೂ ಬೇರೆ ರೀತಿ ಯೋಚಿಸಿದೆ. ಲೇತ್‌ನಲ್ಲಿ ತಪ್ಪಿದರೆ ಜಾಬ್, ಅಂದರೆ ಮಾಡುತ್ತಿರುವ ತುಂಡು, ಸ್ಕ್ರಾಪ್ ಆಗುತ್ತದೆ, ಅದಕ್ಕಿಂತ ಹೆಚ್ಚಾಗಿ ಕೈಗೆ ಪೆಟ್ಟಾಗುತ್ತದೆ. ತುಂಡನ್ನು ಹಿಡಿದು ತಿರುಗಿಸುವ ಭಾಗ ಚಕ್, ಅದನ್ನು ಬಿಗಿ ಮಾಡುವುದು ಚಕ್ ಕೀ. ಆ ಕೀಯನ್ನು ಚಕ್‌ನಲ್ಲೇ ಬಿಟ್ಟು ಮೆಷಿನ್ ಆನ್ ಮಾಡಿದರೆ ಅದು ಕಲ್ಲಿನ ಹಾಗೆ ಹಾರುತ್ತದೆ. ಆದ್ದರಿಂದ ಚಕ್ ಕೀ ಒಂದೋ ಕೈಯಲ್ಲಿರಬೇಕು, ಇಲ್ಲ ಅದರ ಜಾಗದಲ್ಲಿರಬೇಕು. ಇಂಥ ಶಿಸ್ತು ಮೈಗೆ ಹತ್ತಬೇಕಾದದ್ದು ಅರದ ಬೆಂಚಿನಲ್ಲಿ. ಉಜ್ಜಿದ ಪುಡಿಯನ್ನು ಬಾಯಿಂದ ಊದಬಾರದು, ಕಣ್ಣಿಗೆ ಹೋಗುತ್ತದೆ. ಉಜ್ಜಿದ ಮುಖವನ್ನು ಅಂಗೈಯಿಂದ ಸವರಬಾರದು, ಮೈಯ ಜಿಡ್ಡು ತಾಗಿ ಅರ ಜಾರುತ್ತದೆ. ಅರದ ಹಲ್ಲಿಗೆ ಸೀಮೆಸುಣ್ಣ ಹಚ್ಚಿದರೆ ಪುಡಿ ಕಚ್ಚಿಕೊಳ್ಳುವುದಿಲ್ಲ, ಮುಖದ ಮೇಲೆ ಗೀರು ಬೀಳುವುದಿಲ್ಲ. ಒಂದೊಂದೂ ಚಿಕ್ಕದು. ಒಂದೊಂದನ್ನೂ ಯಾರೋ ಒಬ್ಬರು ತಪ್ಪು ಮಾಡಿ ಕಲಿತು ನನಗೆ ಸುಲಭವಾಗಿ ದಾಟಿಸಿದ್ದು.

ಈ ದಾಟಿಸುವುದು ಎಷ್ಟು ಹಳೆಯದು! ಬ್ಯಾಬಿಲೋನಿನ ದೊರೆ ಹಮ್ಮುರಬಿಯ ಕಾನೂನುಗಳಲ್ಲಿ ಇದರ ಮಾತು ಬರುತ್ತದೆ. ಸುಮಾರು 3,750 ವರ್ಷಗಳ ಹಿಂದೆ ಕಲ್ಲಿನ ಮೇಲೆ ಕೆತ್ತಿಸಿದ ಕಾನೂನುಗಳು ಅವು. 188ನೆಯದು ಹೀಗೆ ಹೇಳುತ್ತದೆ: ಕಸುಬುದಾರನೊಬ್ಬ ಒಂದು ಮಗುವನ್ನು ಸಾಕಲು ತೆಗೆದುಕೊಂಡು ತನ್ನ ಕಸುಬು ಕಲಿಸಿದ್ದರೆ, ಆ ಮಗುವನ್ನು ವಾಪಸ್ ಕೇಳುವಂತಿಲ್ಲ. ಅದರ ಬೆನ್ನಿಗೇ 189: ಕಸುಬು ಕಲಿಸದಿದ್ದರೆ, ಆ ಮಗು ತನ್ನ ತಂದೆಯ ಮನೆಗೆ ವಾಪಸ್ ಹೋಗಬಹುದು.

ನಾನು ಈ ಎರಡನೆಯ ಸಾಲನ್ನು ಮೊದಲ ಸಲ ಓದಿದಾಗ ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. ಆಗಲೇ ಅವರಿಗೆ ಗೊತ್ತಿತ್ತು. ಹುಡುಗನನ್ನು ಇಟ್ಟುಕೊಂಡು ಕಲಿಸದೆ ದುಡಿಸಿಕೊಳ್ಳುವವರು ಆಗಲೂ ಇದ್ದರು, ಇಲ್ಲದಿದ್ದರೆ ಕಾನೂನು ಯಾಕೆ ಬೇಕಿತ್ತು? ಕಲಿಸಿದರೆ ಮಾತ್ರ ನಿನಗೆ ಹಕ್ಕು. ಕಲಿಸದಿದ್ದರೆ ಒಪ್ಪಂದ ಮುರಿಯಿತು.

ಆಮೇಲಿನ ಚರಿತ್ರೆಯಲ್ಲಿ ಈ ಮಾತು ಎಷ್ಟೋ ಸಲ ಮರೆತುಹೋಗಿದೆ. ಇಂಗ್ಲೆಂಡಿನಲ್ಲಿ 1563ರ ಕಾನೂನು ಕಸುಬು ಕಲಿಯಲು ಕನಿಷ್ಠ ಏಳು ವರ್ಷ ಅಂತ ಗೊತ್ತುಮಾಡಿತು. ಒಪ್ಪಂದವನ್ನು ಒಂದೇ ಹಾಳೆಯಲ್ಲಿ ಎರಡು ಸಲ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ ಎರಡೂ ಕಡೆಯವರು ಒಂದೊಂದು ಇಟ್ಟುಕೊಳ್ಳುತ್ತಿದ್ದರು. ತಕರಾರು ಬಂದರೆ ಹಲ್ಲು ಕೂಡಿಸಿ ನೋಡಿದರಾಯಿತು. ಚೆಂದದ ಪದ್ಧತಿ. ಆದರೆ ಆಮೇಲೆ ಬಡ ಮಕ್ಕಳನ್ನು ಹತ್ತಿ ಗಿರಣಿಗಳಿಗೆ ತಂದು ತುಂಬಿದ್ದೂ ಅಪ್ರೆಂಟಿಸ್ ಅನ್ನುವ ಹೆಸರಿನಲ್ಲೇ. ಅವರು ಅಲ್ಲಿ ಏನು ಕಲಿಯುತ್ತಿದ್ದರು? ಕಡಿದುಹೋದ ನೂಲು ಗಂಟು ಹಾಕುವುದು, ಮೆಷಿನ್ ಕೆಳಗೆ ತೂರಿ ಬಿದ್ದ ಹತ್ತಿ ತೆಗೆಯುವುದು. ಹಾಗೆ ಬೆಳೆದ ಮಗುವಿಗೆ ಕಸುಬು ಅಂತ ಏನೂ ಉಳಿಯುತ್ತಿರಲಿಲ್ಲ.

1802ರಲ್ಲಿ ಬ್ರಿಟಿಷ್ ಸಂಸತ್ತು ಈ ಮಕ್ಕಳಿಗಾಗಿ ಒಂದು ಕಾಯ್ದೆ ತಂದಿತು. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು. ಓದು, ಬರಹ, ಲೆಕ್ಕ ಕಲಿಸಬೇಕು. ಒಂದು ಹಾಸಿಗೆಯಲ್ಲಿ ಇಬ್ಬರಿಗಿಂತ ಹೆಚ್ಚು ಮಕ್ಕಳನ್ನು ಮಲಗಿಸಬಾರದು. ದಯೆಯಿಂದ ಮಾಡಿದ ಕಾಯ್ದೆಯೇ ಹೀಗಿದೆ ಅಂದರೆ, ಅದಕ್ಕೂ ಮುಂಚೆ ಹೇಗಿತ್ತೋ ನೀವೇ ಯೋಚಿಸಿ. ನನಗಂತೂ ಆ ಹಾಸಿಗೆಯ ಮಾತು ಓದಿದಾಗೆಲ್ಲ ಗಂಟಲು ಕಟ್ಟುತ್ತದೆ. 1814ರಲ್ಲಿ ಏಳು ವರ್ಷದ ನಿಯಮ ರದ್ದಾಯಿತು.

ಹೀಗಿರುವಾಗ ಅಪ್ರೆಂಟಿಸ್‌ಶಿಪ್ ಅನ್ನು ಸುಮ್ನೆ ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಇದೇ ಹೆಸರಿನಲ್ಲಿ ಒಳ್ಳೆಯದೂ ಆಗಿದೆ, ಅನ್ಯಾಯವೂ ಆಗಿದೆ. ಈಗ ಎಲ್ಲಿ ಚೆನ್ನಾಗಿ ನಡೆಯುತ್ತಿದೆ, ಅಲ್ಲಿ ಏನು ಮಾಡಿದ್ದಾರೆ ಅಂತ ನೋಡಬೇಕು. ಎಲ್ಲರೂ ಜರ್ಮನಿ, ಸ್ವಿಟ್ಜರ್ಲೆಂಡ್ ಹೆಸರು ಹೇಳುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಕೆಲಸದ ಜಾಗ, ಒಂದೆರಡು ದಿನ ಶಾಲೆ. ಕಸುಬಿಗೆ ತಕ್ಕಂತೆ ಎರಡರಿಂದ ನಾಲ್ಕು ವರ್ಷ, ಕೈಗೆ ಸಂಬಳ. ಇಷ್ಟನ್ನು ನೋಡಿಕೊಂಡು ಬಂದವರು ಇಷ್ಟನ್ನೇ ನಕಲು ಮಾಡಲು ಹೊರಡುತ್ತಾರೆ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಜರ್ಮನಿಯಲ್ಲಿ ಕಂಪನಿಯೊಳಗೆ ಕಲಿಸುವ ವ್ಯಕ್ತಿಗೂ ಒಂದು ಅರ್ಹತೆ ಇರಬೇಕು. ಕಸುಬು ಚೆನ್ನಾಗಿ ಬಂದರೆ ಸಾಲದು, ಕಲಿಸಲು ಬರುತ್ತದೆ ಅಂತಲೂ ತೋರಿಸಬೇಕು, ಅದಕ್ಕೇ ಬೇರೆ ಪರೀಕ್ಷೆ ಇದೆ. ಕಲಿಯುವವರು ತಾವು ಏನೇನು ಮಾಡಿದೆವು ಅಂತ ದಿನಚರಿ ಬರೆದಿಡಬೇಕು, ಕಲಿಸುವವರು ಅದನ್ನು ನೋಡಬೇಕು. ಕೊನೆಯ ಪರೀಕ್ಷೆ ಆ ಕಂಪನಿಯ ಕೈಯಲ್ಲಿ ಇಲ್ಲ. ಉದ್ಯಮ ಮತ್ತು ಕುಶಲಕರ್ಮಿಗಳ ಸಂಘಗಳು ನಡೆಸುತ್ತವೆ, ಪರೀಕ್ಷಕರಲ್ಲಿ ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು, ವೃತ್ತಿ ಶಾಲೆಯ ಶಿಕ್ಷಕರು ಮೂವರೂ ಇರುತ್ತಾರೆ. ಅಂದರೆ ನನಗೆ ನಾಲ್ಕು ತಿಂಗಳ ನಂತರ ಸಿಕ್ಕಿದಂಥ ಹಾಳೆ ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹೊರಗಿನವರು ಬಂದು ವರ್ನಿಯರ್ ಕೊಟ್ಟು ಓದಿಸುತ್ತಾರೆ. ಕಲಿಸದ ಕಂಪನಿಯ ಬಣ್ಣ ಅಲ್ಲೇ ಬಯಲಾಗುತ್ತದೆ.

ಬರೀ ಕಾಯ್ದೆ ಇದ್ದರೆ ಇದೆಲ್ಲ ಆಗಿಬಿಡುವುದಿಲ್ಲ. ಭಾರತದಲ್ಲಿ ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಜರ್ಮನಿಯಲ್ಲಿ ಇಡೀ ವೃತ್ತಿ ತರಬೇತಿಗೆ ಒಂದೇ ಕಾಯ್ದೆ ಬಂದದ್ದು 1969ರಲ್ಲಿ, ಎಂಟು ವರ್ಷ ತಡವಾಗಿ. ಆದರೆ ಅಲ್ಲಿ ಆ ಕಾಯ್ದೆಯ ಕೆಳಗೆ ಶತಮಾನಗಳ ಅಭ್ಯಾಸ ಇತ್ತು, ಕಲಿಸುವುದು ಹಿರಿಯ ಕೆಲಸಗಾರನ ಗೌರವದ ಒಂದು ಭಾಗವಾಗಿತ್ತು. ಅಲ್ಲಿನ ಕೆಲವು ಬಡಗಿಗಳು, ಗಾರೆಯವರು ಇವತ್ತಿಗೂ ಕಲಿಕೆ ಮುಗಿದ ಮೇಲೆ ಮೂರು ವರ್ಷ ಒಂದು ದಿನ ಊರು ಬಿಟ್ಟು ತಿರುಗುತ್ತಾರೆ. ಬೇರೆ ಬೇರೆ ಯಜಮಾನರ ಹತ್ತಿರ ಕೆಲಸ ಮಾಡಿ ಇನ್ನೊಂದಷ್ಟು ಕಲಿಯಲಿಕ್ಕೆ.

ಕಂಪನಿಗಳಿಗೆ ಇದರಿಂದ ಏನು ಲಾಭ ಅಂತ ಕೇಳುವುದು ತಪ್ಪಲ್ಲ. ಕಲಿಯುವ ಹುಡುಗ ಮೊದಲ ವರ್ಷ ಜಾಸ್ತಿ ಹಾಳು ಮಾಡುತ್ತಾನೆ, ಕಲಿಸುವವರ ಸಮಯವೂ ಹೋಗುತ್ತದೆ. ಕೊನೆಯ ವರ್ಷ ಪೂರ್ತಿ ಕೆಲಸಗಾರನ ಹತ್ತಿರ ಹತ್ತಿರ ಮಾಡುತ್ತಾನೆ, ಸಂಬಳ ಮಾತ್ರ ಕಡಿಮೆ. ಸ್ವಿಟ್ಜರ್ಲೆಂಡಿನ ಅಧ್ಯಯನಗಳ ಪ್ರಕಾರ ಅಲ್ಲಿ ಬಹುಪಾಲು ಕಂಪನಿಗಳಿಗೆ ತರಬೇತಿ ಮುಗಿಯುವುದರೊಳಗೇ ಖರ್ಚು ವಾಪಸ್ ಬರುತ್ತದೆ. ಜರ್ಮನಿಯಲ್ಲಿ ಸರಾಸರಿ ನೋಡಿದರೆ ಬರುವುದಿಲ್ಲ. ಆದರೂ ಕಲಿಸುತ್ತಾರೆ, ಯಾಕೆಂದರೆ ಕಲಿತವರು ಬಹಳಷ್ಟು ಜನ ಅಲ್ಲೇ ಉಳಿಯುತ್ತಾರೆ. ಹೊರಗಿನಿಂದ ಹೊಸಬರನ್ನು ಹುಡುಕಿ ತಂದು ಪಳಗಿಸುವ ಖರ್ಚು ಉಳಿಯುತ್ತದೆ. ಇಲ್ಲಿ ಒಂದು ಅಪಾಯವೂ ಇದೆ. ತರಬೇತಿ ತೀರಾ ಚಿಕ್ಕದಾದರೆ ಕಂಪನಿಗೆ ಹಾಕಿದ ಖರ್ಚು ವಾಪಸ್ ಬರುವುದಿಲ್ಲ, ಆಗ ಅದು ಕಲಿಸುವುದನ್ನು ಬಿಟ್ಟು ಮೊದಲ ದಿನದಿಂದಲೇ ದುಡಿಸಲು ನೋಡುತ್ತದೆ. ಆರು ತಿಂಗಳಲ್ಲಿ ಎಲ್ಲ ಕಲಿಸಿ ಕಳಿಸುತ್ತೇವೆ ಅನ್ನುವ ಯೋಜನೆಗಳ ಬಗ್ಗೆ ನನಗೆ ನಂಬಿಕೆ ಕಡಿಮೆ ಇರುವುದು ಇದಕ್ಕೇ.

ಓದಿನಲ್ಲಿ ಹಿಂದೆ ಬಿದ್ದವರಿಗೆ ಮಾತ್ರ ಅಪ್ರೆಂಟಿಸ್‌ಶಿಪ್ ಅನ್ನುವ ಮಾತು ಕೇಳಿದಾಗ ಬೇಜಾರಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಸುಮಾರು ಮೂರನೇ ಎರಡರಷ್ಟು ಯುವಜನ ಈ ದಾರಿಯಲ್ಲಿ ಹೋಗುತ್ತಾರೆ. ಅಲ್ಲಿ ಅತಿ ಹೆಚ್ಚು ಜನ ಆರಿಸುವ ಕಸುಬು ಸುತ್ತಿಗೆ ಹಿಡಿಯುವುದಲ್ಲ, ಆಫೀಸಿನ ವಾಣಿಜ್ಯ ಕೆಲಸ. ಯುಬಿಎಸ್ ಬ್ಯಾಂಕಿನ ಮುಖ್ಯಸ್ಥರಾದ ಸೆರ್ಜಿಯೊ ಎರ್ಮೊಟ್ಟಿ ಶುರು ಮಾಡಿದ್ದು ಒಂದು ಬ್ಯಾಂಕಿನಲ್ಲಿ ಅಪ್ರೆಂಟಿಸ್ ಆಗಿ. ಕಸುಬು ಕಲಿತವರು ಇನ್ನೊಂದಷ್ಟು ಓದಿ ಪದವಿಗೆ ಹೋಗಲು 1990ರ ದಶಕದಿಂದ ಅಲ್ಲಿ ಬೇರೆ ದಾರಿಯನ್ನೇ ಮಾಡಿಕೊಟ್ಟಿದ್ದಾರೆ. ಇದು ಬಹಳ ಮುಖ್ಯ. ಹದಿನಾರು ವರ್ಷದ ಮಗುವಿಗೆ "ಈ ಬಾಗಿಲು ದಾಟಿದರೆ ಆ ಬಾಗಿಲು ಮುಚ್ಚಿತು" ಅಂತ ಹೇಳಿದರೆ, ಯಾವ ತಂದೆತಾಯಿ ತಾನೇ ಧೈರ್ಯ ಮಾಡುತ್ತಾರೆ?

ಕಸುಬು ಕಲಿತ ಕೈ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. 1805ರಲ್ಲಿ, 14ನೇ ವಯಸ್ಸಿಗೆ ಲಂಡನ್ನಿನಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಮಾಡುವವರೊಬ್ಬರ ಹತ್ತಿರ ಏಳು ವರ್ಷಕ್ಕೆ ಅಪ್ರೆಂಟಿಸ್ ಆಗಿ ಸೇರಿದ. ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನು ಓದಿದ. ವಿಶ್ವಕೋಶದ ಒಂದು ಸಂಪುಟದಲ್ಲಿ ವಿದ್ಯುತ್ ಬಗ್ಗೆ ಓದಿ ಮನಸೋತ. ಅವನ ಯಜಮಾನ ಓದಬೇಡ ಅನ್ನಲಿಲ್ಲ, ಅಲ್ಲೇ ಚಿಕ್ಕ ಪುಟ್ಟ ಪ್ರಯೋಗ ಮಾಡಲೂ ಬಿಟ್ಟ. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಟಿಕೆಟ್ ಕೊಟ್ಟರು, ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಲು ಹೋದ. ಕೇಳಿದ್ದನ್ನೆಲ್ಲ ಚಿತ್ರ ಸಮೇತ ಬರೆದು, ತಾನೇ ಚೆನ್ನಾಗಿ ಬೈಂಡ್ ಮಾಡಿ ಡೇವಿಗೆ ಕಳಿಸಿದ. 1813ರಲ್ಲಿ ಡೇವಿಯ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ ಸಿಕ್ಕಿತು. 1831ರಲ್ಲಿ ಕಾಂತದಿಂದ ವಿದ್ಯುತ್ ಹುಟ್ಟಿಸುವುದನ್ನು ಕಂಡುಹಿಡಿದ. ಇವತ್ತಿನ ಜನರೇಟರ್‌ಗಳೆಲ್ಲ ನಡೆಯುವುದು ಅದರ ಮೇಲೆ. ಡೇವಿಯ ಹತ್ತಿರವೂ ಫ್ಯಾರಡೆ ಕಲಿತದ್ದು ಹಾಗೇ, ಪಕ್ಕದಲ್ಲಿ ನಿಂತು, ಉಪಕರಣ ತೊಳೆದು, ಪ್ರಯೋಗಕ್ಕೆ ಕೈ ಜೋಡಿಸಿ. ಒಂದೇ ಬದುಕಿನಲ್ಲಿ ಎರಡು ಸಲ ಅಪ್ರೆಂಟಿಸ್ ಆದ ಅಂತಲೇ ನಾನು ಎಣಿಸುತ್ತೇನೆ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕಥೆ ಹಾಗಲ್ಲ. 12ನೇ ವಯಸ್ಸಿಗೆ ಸ್ವಂತ ಅಣ್ಣನ ಅಚ್ಚುಕೂಟದಲ್ಲಿ, 21 ಆಗುವವರೆಗೆ ಅಂತ ಒಪ್ಪಂದ. ಅಣ್ಣ ಹೊಡೆಯುತ್ತಿದ್ದ. 1723ರಲ್ಲಿ, 17ನೇ ವಯಸ್ಸಿಗೆ ಓಡಿಹೋದ. ಆಗ ಅದು ಕಾನೂನು ಪ್ರಕಾರ ತಪ್ಪು. ಆದರೂ ಕೈಯಲ್ಲಿದ್ದ ಮುದ್ರಣದ ಕಸುಬೇ ಹೊಸ ಊರಿನಲ್ಲಿ ಅನ್ನ ಕೊಟ್ಟಿತು. ರಾಯಭಾರಿಯಾಗಿ, ವಿಜ್ಞಾನಿಯಾಗಿ ಹೆಸರು ಮಾಡಿದ ಮೇಲೂ, 1788ರಲ್ಲಿ ಉಯಿಲು ಬರೆಯುವಾಗ ತನ್ನ ಹೆಸರಿನ ಮುಂದೆ ಮೊದಲು ಬರೆದದ್ದು "ಮುದ್ರಕ" ಅಂತ. ಉಳಿದ ಪದವಿಗಳೆಲ್ಲ ಆಮೇಲೆ.

ಕಸುಬು ಕಲಿಯಲು ಹೊರಟ ಯುವಕ ಯುವತಿಯರು ಆಗಾಗ ನನ್ನ ಹತ್ತಿರ ಬಂದು, ಇಂಥ ಕಡೆ ಸೇರಬಹುದಾ ಅಂತ ಕೇಳುತ್ತಾರೆ. ಸಂಬಳ ಎಷ್ಟು ಅನ್ನುವುದನ್ನು ಅವರು ಹೇಗೂ ಕೇಳಿಕೊಂಡಿರುತ್ತಾರೆ, ಕೇಳಲೇಬೇಕು. ಕೆಲಸ ಮಾಡಿಸಿಕೊಂಡು ಏನೂ ಕೊಡದ ಕಡೆ ಬಡವರ ಮಕ್ಕಳು ಕಲಿಯಲು ಸಾಧ್ಯವೇ ಇಲ್ಲ. ಅದರ ಜೊತೆಗೆ ಇನ್ನೆರಡು ಮಾತು ಕೇಳಿ ಅನ್ನುತ್ತೇನೆ. ನನಗೆ ಕಲಿಸುವವರು ಯಾರು, ಅವರನ್ನು ಒಮ್ಮೆ ನೋಡಬಹುದಾ? ಒಬ್ಬ ವ್ಯಕ್ತಿಯನ್ನು ತೋರಿಸಿದರೆ ಒಳ್ಳೆಯದು. "ಎಲ್ಲರೂ ಕಲಿಸುತ್ತಾರೆ" ಅಂದರೆ ಯಾರೂ ಕಲಿಸುವುದಿಲ್ಲ ಅಂತಲೇ ತಿಳಿಯಿರಿ. ಇನ್ನೊಂದು, ಹನ್ನೆರಡನೇ ತಿಂಗಳಲ್ಲಿ ನಾನು ಮಾಡುವ ಕೆಲಸಕ್ಕೂ ಮೊದಲ ತಿಂಗಳಲ್ಲಿ ಮಾಡುವ ಕೆಲಸಕ್ಕೂ ಏನು ವ್ಯತ್ಯಾಸ ಇರುತ್ತದೆ? ಇದಕ್ಕೆ ಉತ್ತರ ಇಲ್ಲದ ಕಡೆ ಕಸುಬು ಇಲ್ಲ. ಮತ್ತೆ ಎಲ್ಲವೂ ಬರಹದಲ್ಲಿರಲಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲಿ ಅಪ್ರೆಂಟಿಸ್‌ಶಿಪ್ ಬಗ್ಗೆಯೇ ಒಂದು ಶಿಫಾರಸು ಒಪ್ಪಿಕೊಂಡಿತು. ಲಿಖಿತ ಒಪ್ಪಂದ, ತಕ್ಕ ವೇತನ, ಸುರಕ್ಷತೆ, ಎಲ್ಲರೂ ಒಪ್ಪುವ ಪ್ರಮಾಣಪತ್ರ ಇರಬೇಕು ಅಂತ ಅದು ಹೇಳುತ್ತದೆ. ಹಲ್ಲುಹಲ್ಲಾಗಿ ಕತ್ತರಿಸಿದ ಆ ಹಳೆಯ ಹಾಳೆ ಬೇರೆ ರೂಪದಲ್ಲಿ ಮತ್ತೆ ಬಂದಿದೆ.

ಈಗ ಪಕ್ಕದಲ್ಲಿ ನಿಲ್ಲುವ ಸರದಿ ನನ್ನದು. ಕಲಿಯುವುದಕ್ಕಿಂತ ಇದು ಕಷ್ಟ ಅಂತ ಯಾರೂ ನನಗೆ ಹೇಳಿರಲಿಲ್ಲ. ಎದುರಿಗೆ ತಪ್ಪು ನಡೆಯುತ್ತಿರುತ್ತದೆ. ನನ್ನ ಕೈಗೆ ಕೊಟ್ಟರೆ ಅರ್ಧ ನಿಮಿಷ. ಆದರೆ ನಾನು ಮಾಡಿ ಮುಗಿಸಿದರೆ ಆ ಮಗುವಿಗೆ ಸಿಗುವುದು ಮುಗಿದ ಜಾಬ್ ಮಾತ್ರ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ನಾನು ಎರಡು ವರ್ಷ ಅಭ್ಯಾಸ ಮಾಡಿದ್ದೇನೆ. ಯಾವ ತಪ್ಪನ್ನು ಆಗಲು ಬಿಡಬೇಕು, ಯಾವುದನ್ನು ತಕ್ಷಣ ತಡೆಯಬೇಕು ಅನ್ನುವುದು ಇಲ್ಲಿನ ಕಸುಬು. ಜಾಬ್ ಹಾಳಾಗುವ ತಪ್ಪಾದರೆ ಬಹಳ ಸಲ ಬಿಡುತ್ತೇನೆ. ಬೆರಳು ಹೋಗುವ ತಪ್ಪಾದರೆ ಕೂಗಿಬಿಡುತ್ತೇನೆ. ಒಂದು ಸಲ ಹಾಗೆ ಕೂಗಿದಾಗ ಒಬ್ಬ ಹುಡುಗ ಹೆದರಿ ಮೂರು ದಿನ ಮೆಷಿನ್ ಮುಟ್ಟಲಿಲ್ಲ. ಅವನ ಜೊತೆ ಕೂತು ಮಾತಾಡಬೇಕಾಯಿತು, ಕೂಗಿದ್ದು ಯಾಕೆ ಅಂತ. ಕೂಗಿದ ಮೇಲೆ ಹಾಗೆ ಕೂರದಿದ್ದರೆ ಅದು ಬರೀ ಬೈಗುಳವಾಗಿ ಉಳಿಯುತ್ತದೆ.

ಹೊಸಬರಿಗೆ ನಾನೂ ಮೊದಲು ಅರವನ್ನೇ ಕೊಡುತ್ತೇನೆ. ಈಗ ಮೆಷಿನ್‌ಗಳೆಲ್ಲ ಕಂಪ್ಯೂಟರ್ ಹೇಳಿದಂತೆ ಓಡುತ್ತವೆ, ಇನ್ನೂ ಅರ ಯಾಕೆ ಅಂತ ಕೇಳುತ್ತಾರೆ. ಕೇಳಲಿ, ನಾನೂ ಕೇಳಿದ್ದೆ. ಪರದೆಯ ಮೇಲೆ ಒಂದು ಅಂಕಿ ಕಾಣುತ್ತದೆ. ಲೋಹ ಎಷ್ಟು ಗಟ್ಟಿ, ಎಲ್ಲಿ ಬಗ್ಗುತ್ತದೆ, ಕೂದಲೆಳೆಯಷ್ಟು ಅಂದರೆ ಎಷ್ಟು ಅನ್ನುವುದು ಕೈಗೆ ಒಮ್ಮೆ ಗೊತ್ತಾಗಿದ್ದರೆ ಆ ಅಂಕಿ ಸುಳ್ಳು ಹೇಳಿದಾಗ ಅನುಮಾನ ಬರುತ್ತದೆ.

ಮೊನ್ನೆ ಒಬ್ಬ ಹುಡುಗಿ ಲೇತ್ ಮೇಲೆ ಇದ್ದಳು. ಸೇರಿ ಒಂದೂವರೆ ವರ್ಷ ಆಗಿದೆ. ನಾನು ಆಚೆ ಟೇಬಲ್ಲಿನಲ್ಲಿ ಡ್ರಾಯಿಂಗ್ ನೋಡುತ್ತಿದ್ದೆ. ಮೆಷಿನ್ ಸದ್ದು ಸ್ವಲ್ಪ ಬದಲಾಯಿತು. ದೊಡ್ಡದಾಗಿ ಏನಲ್ಲ, ಒಂದು ಸಣ್ಣ ಕೀರಲು. ಟೂಲ್ ಮೊಂಡಾಗುತ್ತಿದೆ. ನಾನು ಕುರ್ಚಿಯಿಂದ ಎದ್ದೆ. ಒಂದು ಹೆಜ್ಜೆ ಇಡುವುದರೊಳಗೆ ಆಕೆ ಟೂಲನ್ನು ಮುಂದೆ ಸರಿಸುವ ಫೀಡ್ ನಿಲ್ಲಿಸಿ, ಟೂಲ್ ಹಿಂದೆ ತೆಗೆದು, ಮೆಷಿನ್ ಆಫ್ ಮಾಡಿದ್ದಳು. ಟೂಲನ್ನು ಬಿಚ್ಚಿ ಅದರ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕನ್ನಡಕ ಹಾಕಿಕೊಂಡು ಸಾಣೆ ಕಡೆ ನಡೆದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಎದ್ದವನು ಮತ್ತೆ ಕೂತೆ.